58 ಸಾವಿರದ ಕಾರಿಗೆ ಮೈನಸ್ 35ರ ಆಯಿಲ್

ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರು ಒಂದೂ ಇಲ್ಲ. ನಂಬಿಕೆ ಬರಲಿಲ್ಲ ಅಂದ್ರೆ ಹಳೇ ಗಾಡಿ ಮಾರುವವರ ಹತ್ತಿರ ಹೋಗಿ ಮೀಟರ್ ನೋಡಿ. ಒಂದು 58 ಸಾವಿರ, ಇನ್ನೊಂದು 61 ಸಾವಿರ, ಮೂಲೆಯಲ್ಲಿ ನಿಂತ ಹತ್ತು ವರ್ಷದ ಡೀಸೆಲ್ ಗಾಡಿ 49 ಸಾವಿರ. ಎಲ್ಲವೂ ಸಿಂಗಲ್ ಓನರ್. ಎಲ್ಲವನ್ನೂ ಓಡಿಸಿದ್ದು ಡಾಕ್ಟರು, ಅದೂ ಮನೆಯಿಂದ ಆಸ್ಪತ್ರೆಗೆ ಮಾತ್ರ. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿರುತ್ತದೆ. ಸ್ಟೇರಿಂಗ್ ಮೇಲಿನ ಗೆರೆ ಅಳಿಸಿ ನುಣ್ಣಗಾಗಿರುತ್ತದೆ. ಡ್ರೈವರ್ ಸೀಟಿನ ಒಂದು ಬದಿ ಕುಸಿದಿರುತ್ತದೆ. ಡಾಕ್ಟರು ಭಾರೀ ಮೈಯವರು ಇರಬೇಕು ಅಂತ ನಾವು ಸಮಾಧಾನ ಮಾಡಿಕೊಂಡು ಅಡ್ವಾನ್ಸ್ ಕೊಡುತ್ತೇವೆ.

ಅದೇ ಗಾಡಿ ಮರುವಾರ ಗ್ಯಾರೇಜಿಗೆ ಹೋಗುತ್ತದೆ. ಮಿಸ್ತ್ರಿ ಬಾನೆಟ್ ಎತ್ತಿ, ಎಂಜಿನ್ ಸದ್ದಿಗೆ ಕಿವಿ ಕೊಟ್ಟು, "ಇದು ಎರಡು ಲಕ್ಷ ದಾಟೇತ್ರೀ ಸಾಹೇಬ್ರ. ಇನ್ನ ಸಾದಾ ಆಯಿಲ್ ನಡಿಯಂಗಿಲ್ಲ, ಫುಲ್ ಸಿಂಥೆಟಿಕ್ ಹಾಕಸ್ರಿ" ಅನ್ನುತ್ತಾನೆ. ಮಾರುವಾಗ ಕೂಸು, ಆಯಿಲ್ ಹಾಕಿಸುವಾಗ ಅಜ್ಜ.

ಅಲ್ಲಿಂದ ಶುರು ನಮ್ಮ ಜಿಲ್ಲೆಯ ಮಹಾ ಚರ್ಚೆ. ಸಾದಾ ಆಯಿಲ್ ಪಕ್ಷದವರು ಅಪ್ಪನ ಕಾಲದ ಗಾಡಿಯ ಕಥೆ ತೆಗೆಯುತ್ತಾರೆ. ಫುಲ್ ಸಿಂಥೆಟಿಕ್ ಪಕ್ಷದವರು ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಾರೆ. ಎರಡೂ ಬೇಡ ಅನ್ನುವವರಿಗೆ ಸೆಮಿ ಸಿಂಥೆಟಿಕ್ ಅನ್ನೋ ಸಮ್ಮಿಶ್ರ ಸರ್ಕಾರ ಇದೆ. ಯಾರ ಪಾಲು ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಕೇಳುವವರೂ ಇಲ್ಲ.

ಡಬ್ಬಿಯ ಮೇಲೆ 0ಡಬ್ಲ್ಯೂ-20 ಅಂತ ಇರುತ್ತದೆ. ಡಬ್ಲ್ಯೂಗಿಂತ ಮೊದಲಿನ ಅಂಕಿ ಚಳಿಗಾಲದ ಲೆಕ್ಕ. ಅಲ್ಲಿ 0 ಇದ್ದರೆ, ಮೈನಸ್ 35 ಡಿಗ್ರಿಯಲ್ಲೂ ಎಂಜಿನ್ ತಿರುಗುವಷ್ಟು ತೆಳ್ಳಗೆ ಉಳಿಯುತ್ತದೆ ಅಂತ ಪರೀಕ್ಷೆಯಲ್ಲಿ ಪಾಸಾದ ಆಯಿಲ್. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ, ಬೇವಿನ ಮರದ ನೆರಳು ಹುಡುಕಿ ಗಾಡಿ ನಿಲ್ಲಿಸಿದ ಗಿರಾಕಿ ಇದನ್ನು ಕೇಳಿ ತೃಪ್ತಿಯಿಂದ ತಲೆ ಆಡಿಸುತ್ತಾನೆ. ಸೈಬೀರಿಯಾದ ಬೀಗರು ಯಾವಾಗ ಕರೆಯುತ್ತಾರೋ ಯಾರಿಗೆ ಗೊತ್ತು! ಪಕ್ಕದ ಗ್ಯಾರೇಜಿನವನ ಸಿದ್ಧಾಂತ ಇದಕ್ಕೆ ಉಲ್ಟಾ. "ನಮ್ಮ ಬಿಸಲಿಗೆ ದಪ್ಪ ಆಯಿಲೇ ಬೇಕ್ರಿ, 20-50 ಹಾಕೂಣು." ಎಂಜಿನ್ ಬಿಸಿಯಾದ ಮೇಲೆ ಒಳಗಿನ ಆಯಿಲ್ 90-100 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಹೊರಗೆ ಬಾಗಲಕೋಟೆ ಇದ್ದರೇನು, ಊಟಿ ಇದ್ದರೇನು? ಎರಡನೇ ಅಂಕಿಯನ್ನು ಅಳೆಯುವುದೂ 100 ಡಿಗ್ರಿಯಲ್ಲೇ. ಎಷ್ಟು ದಪ್ಪದ್ದು ಬೇಕು ಅಂತ ಗಾಡಿ ಮಾಡಿದವರೇ ಒಂದು ಪುಸ್ತಕದಲ್ಲಿ ಬರೆದು ಕೊಟ್ಟಿರುತ್ತಾರೆ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ನಾಲ್ಕು ಸಿಂಗಲ್ ಓನರ್‌ಗಳ ಕೈ ದಾಟಿದರೂ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಕೂತಿರುತ್ತದೆ.

ಇನ್ನು ಈ ಸಿಂಥೆಟಿಕ್ ಎಲ್ಲಿಂದ ಬರುತ್ತದೆ? ಬಿಳಿ ಕೋಟಿನವರು ಲ್ಯಾಬಿನಲ್ಲಿ ಹನಿಹನಿಯಾಗಿ ತಯಾರಿಸುತ್ತಾರೆ ಅಂತ ಗಿರಾಕಿ ಅಂದುಕೊಂಡಿರುತ್ತಾನೆ. ರಾಸಾಯನಿಕವಾಗಿ ಕಟ್ಟಿದ ಬಗೆಯೂ ಇದೆ, ಪಿಎಒ ಅಂತ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಡಬ್ಬಿಗಳಲ್ಲಿ ಇರುವುದು ನೆಲದಿಂದ ತೆಗೆದ ಕಚ್ಚಾ ತೈಲವೇ. ಅದಕ್ಕೆ ಹೈಡ್ರೋಜನ್ ಕೊಟ್ಟು, ಒತ್ತಡದಲ್ಲಿ ಒಡೆದು, ಚೆನ್ನಾಗಿ ಶುದ್ಧ ಮಾಡಿರುತ್ತಾರೆ. ಗ್ರೂಪ್ 3 ಅನ್ನುತ್ತಾರೆ ಅದಕ್ಕೆ. ಇದನ್ನು ಸಿಂಥೆಟಿಕ್ ಅಂತ ಮಾರಬಹುದೇ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ತಕರಾರು ಆಯಿತು. ಜಾಹೀರಾತಿನ ಜಗಳ ಬಗೆಹರಿಸುವ ಅಲ್ಲಿನ ಸಂಸ್ಥೆ 1999ರಲ್ಲಿ ಮಾರಬಹುದು ಅಂದಿತು. ಒಂದೇ ತೀರ್ಪಿಗೆ ಎಣ್ಣೆಯ ಜಾತಿ ಬದಲಾಯಿತು. ನಮ್ಮಲ್ಲಿ ಇದ್ದ ಜಾತಿಗೇ ಸರ್ಟಿಫಿಕೇಟ್ ತರಲು ತಹಶೀಲ್ದಾರ್ ಕಚೇರಿಗೆ ಎಷ್ಟು ಸಲ ಅಲೆಯಬೇಕು, ಗೊತ್ತಲ್ವಾ?

ಹಾಗಂತ ಅದು ಕೆಟ್ಟ ಆಯಿಲ್ ಏನಲ್ಲ. ಸಾದಾ ಆಯಿಲ್‌ಗಿಂತ ಬಿಸಿ ತಡೆಯುತ್ತದೆ, ಆವಿಯಾಗುವುದು ಕಡಿಮೆ, ಮಡ್ಡಿ ಕಟ್ಟುವುದೂ ಕಡಿಮೆ. ಎಂಜಿನ್ ಹೆಚ್ಚು ಬಿಸಿಯಾಗುವ ಟರ್ಬೊ ಗಾಡಿಗೆ ಇದನ್ನು ಹಾಕಿಸಲು ಕೊಟ್ಟ ದುಡ್ಡು ದಂಡ ಅಲ್ಲ. "ಹಳೇ ಎಂಜಿನ್ನಿಗೆ ಸಿಂಥೆಟಿಕ್ ಹಾಕಿದ್ರ ಸೋರ್ತೈತಿ" ಅನ್ನೋ ಮಾತು 1970ರ ದಶಕದ್ದು. ಆಗಿನ ಮೊದಮೊದಲ ಸಿಂಥೆಟಿಕ್‌ಗಳಿಗೂ ಸೀಲ್‌ಗಳಿಗೂ ಅಷ್ಟಾಗಿ ಆಗಿಬರುತ್ತಿರಲಿಲ್ಲ. ಈಗ ಸೋರಿದರೆ, ಸೀಲ್ ಮೊದಲೇ ಹೋಗಿರುತ್ತದೆ. ಅದನ್ನು ಇಷ್ಟು ದಿನ ಮಡ್ಡಿ ಮುಚ್ಚಿಟ್ಟಿರುತ್ತದೆ. ಹೊಸ ಆಯಿಲ್ ಬಂದು ಮಡ್ಡಿ ತೊಳೆಯುತ್ತದೆ, ಬಂಡವಾಳ ಬಯಲಾಗುತ್ತದೆ, ಬೈಗುಳ ಹೊಸ ಆಯಿಲ್‌ಗೆ. ಮಡ್ಡಿ ತೊಳೆಯಲು ಬಂದವನನ್ನೇ ವರ್ಗ ಮಾಡುವ ರೂಢಿ ನಮಗೆ ಹೊಸದಲ್ಲ ಬಿಡಿ.

ನಿಜವಾದ ತಮಾಷೆ ಇರುವುದು ಕಿಲೋಮೀಟರ್ ಲೆಕ್ಕದಲ್ಲಿ. ದಿನಾ ಹುಬ್ಬಳ್ಳಿಗೆ ಹೋಗಿ ಬರುವ ಬಾಡಿಗೆ ಗಾಡಿ ಮೀಟರ್ ಏರಿಸುತ್ತದೆ, ಆದರೆ ಅದರ ಎಂಜಿನ್ ಒಮ್ಮೆ ಬಿಸಿಯಾದರೆ ಒಂದೇ ಲಯದಲ್ಲಿ ಓಡುತ್ತದೆ. ಆಯಿಲ್‌ಗೆ ಅದು ಸುಖದ ಸಂಸಾರ. ಕಷ್ಟ ಇರುವುದು ನವನಗರದಲ್ಲಿ ಮಗುವನ್ನು ಶಾಲೆಗೆ ಬಿಟ್ಟು, ಕೊತ್ತಂಬರಿ ತಗೊಂಡು ವಾಪಸ್ ಬರುವ ಗಾಡಿಗೆ. ಎರಡು ಕಿಲೋಮೀಟರಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ನೀರಿನ ಪಸೆ, ಉರಿಯದ ಪೆಟ್ರೋಲ್ ಎರಡೂ ಆಯಿಲ್‌ಗೆ ಸೇರುತ್ತವೆ. ಅಂದರೆ ಮನೆಯಿಂದ ಆಸ್ಪತ್ರೆಗೆ ಮಾತ್ರ ಓಡಿದ ಗಾಡಿ ನಿಜಕ್ಕೂ ಇದ್ದರೆ, ಮೊದಲು ದೂರ ಇಡಬೇಕಾದ್ದು ಅದನ್ನೇ! ಚಿಕ್ಕ ಓಡಾಟ, ಧೂಳು, ಭಾರ, ಎಂಜಿನ್ ಚಾಲೂ ಇಟ್ಟು ನಿಲ್ಲುವುದು: ಕಂಪನಿ ಪುಸ್ತಕಗಳು ಕಠಿಣ ಬಳಕೆ ಅನ್ನುವುದು ಇವಕ್ಕೆ. ಇಂಥ ಗಾಡಿಯ ಆಯಿಲ್ ಬೇಗ ಬದಲಿಸಿ ಅಂತ ಅಲ್ಲೇ ಬರೆದಿರುತ್ತದೆ. ಸಿಮೆಂಟ್ ಲಾರಿ ಹಿಂದೆ ಲೋಕಾಪುರದ ಕಡೆ ಒಂದು ಸಲ ಹೋಗಿ ಬಂದವರಿಗೆ ಧೂಳಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ನಾವು ಮಾಡುವುದು ಏನು? ಸಾದಾ ಆಯಿಲ್ ಹಾಕಿಸಿದವನು 5 ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ್ದನ್ನು 12 ಸಾವಿರದವರೆಗೆ ಎಳೆಯುತ್ತಾನೆ. 10 ಸಾವಿರ ಓಡುವ ಸಿಂಥೆಟಿಕ್ ಹಾಕಿಸಿದವನಿಗೆ ಮಿಸ್ತ್ರಿ 5 ಸಾವಿರದ ಚೀಟಿ ಅಂಟಿಸುತ್ತಾನೆ. ಮೂರನೆಯವನು ಒಬ್ಬ ಇದ್ದಾನೆ. ಅವನು ದುಬಾರಿ ಆಯಿಲ್ ಹಾಕಿಸಿ, ಆಯಿಲ್ ಎಷ್ಟಿದೆ ಅಂತ ನೋಡುವ ಗೇಜ್ ಕಡ್ಡಿಯನ್ನು ಮರೆತೇಬಿಡುತ್ತಾನೆ. ವಯಸ್ಸಾದ ಎಂಜಿನ್ ಆಯಿಲ್ ಕುಡಿಯುತ್ತದೆ. ಒಂದು ದಿನ ಕಡ್ಡಿ ಎಳೆದು ನೋಡಿದರೆ ತುದಿಯಲ್ಲಿ ಕಾಡಿಗೆಯಷ್ಟು ಕಪ್ಪು ಅಂಟಿರುತ್ತದೆ, ಕೆಳಗಿನ ಗೆರೆಯೂ ಒಣಗಿರುತ್ತದೆ. "ಸಿಂಥೆಟಿಕ್ ಐತಲ್ಲ, ಏನೂ ಆಗಂಗಿಲ್ಲ" ಅನ್ನುತ್ತಾನೆ. ಎಂಜಿನ್ನಿನಲ್ಲಿ ಇಲ್ಲದ ಆಯಿಲ್ ಎಷ್ಟೇ ಶ್ರೇಷ್ಠ ಇದ್ದರೂ ಏನು ಬಂತು? ಏರ್ ಫಿಲ್ಟರ್ ಬದಲಿಸು ಅಂದರೆ ಇವನೇ, "ಹವಾ ಹೊಡಸಿ ಹಾಕ್ರಿ, ಇನ್ನೂ ನಡೀತೈತಿ" ಅಂತ ನಾಲ್ಕು ಕಾಸು ಉಳಿಸುತ್ತಾನೆ.

ಡಬ್ಬಿಯಲ್ಲಿ ಅರ್ಧ ಲೀಟರ್ ಉಳಿಯುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ, ಬೈಕಿಗೆ ಸುರಿಯುತ್ತಾರೆ. ಗೇರ್ ಇರುವ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚು ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಅದಕ್ಕೇ ಬೈಕಿನ ಡಬ್ಬಿಯ ಮೇಲೆ ಜಾಸೊ ಎಂಎ ಅಂತ, ಇಂಥ ಕ್ಲಚ್ಚಿಗೆ ಆಗಿಬರುವ ಆಯಿಲ್ ಅನ್ನೋ ಗುರುತು ಇರುವುದು. ಕಾರಿನ ತೆಳು ಆಯಿಲ್‌ನಲ್ಲಿರುವ ಜಾರು ಮದ್ದಿಗೆ ಕ್ಲಚ್ ಪ್ಲೇಟೂ ಜಾರುತ್ತದೆ. ಎಕ್ಸಲೇಟರ್ ತಿರುವಿದರೆ ಸದ್ದು ಮುಂದೆ ಹೋಗುತ್ತದೆ, ಗಾಡಿ ಅಲ್ಲೇ ಇರುತ್ತದೆ.

ಖಾಲಿ ಡಬ್ಬಿಯದು ಇನ್ನೊಂದು ಪುರಾಣ. ತೂತು ಮಾಡಿ ಎಸೆಯಿರಿ ಅಂತ ಕಂಪನಿಗಳು ಹೇಳುತ್ತಲೇ ಇವೆ, ನಕಲಿ ಆಯಿಲ್ ತುಂಬುವವರಿಗೆ ಅಸಲಿ ಡಬ್ಬಿಯೇ ಬೇಕು. ನಾವು ಮುಚ್ಚಳ ಸಮೇತ ಗುಜರಿಗೆ ಕೊಟ್ಟು ಚಹಾದ ಖರ್ಚು ಗಿಟ್ಟಿಸುತ್ತೇವೆ. ಅದು ಮರಳಿ ನಮ್ಮ ಗಾಡಿಗೇ ಬಂದರೆ, ಅದರಲ್ಲಿ ನೂರಕ್ಕೆ ನೂರು ಸಿಂಥೆಟಿಕ್ ಆಗಿರುವುದು ಡಬ್ಬಿ ಒಂದೇ.

ಈ ಭಕ್ತಿ ಈಗ ಟ್ರ್ಯಾಕ್ಟರಿಗೂ ಬಂದಿದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳ ರಸ್ತೆಗೆ ಬನ್ನಿ. ಮುಂದೆ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಎದೆ ನಡುಗಿಸುವ ಸ್ಪೀಕರು. ಹಿಂದೆ ಕೆಂಪು ದೀಪ ಇಲ್ಲ, ಮಿಣುಕುವ ಪಟ್ಟಿ ಇಲ್ಲ. ಚಹಾ ಅಂಗಡಿ ಮುಂದೆ ನಿಂತಾಗ ಹುಡುಗ ಬಾನೆಟ್ ತಟ್ಟಿ ಹೇಳುತ್ತಾನೆ: "ಈ ಸಲ ಫುಲ್ ಸಿಂಥೆಟಿಕ್ ಹಾಕ್ಸೀನ್ರೀ ಕಾಕಾ."

"ಛಲೋ ಆತು. ಹಿಂದ ಲೈಟ್ ಯಾಕ ಇಲ್ಲೋ ತಮ್ಮಾ?"

"ಡಿಜೆ ಹಚ್ಚೀನಲ್ರೀ. ಹಿಂದ ಬರಾವ್ರಿಗೆ ಕೇಳಸ್ತೈತಿ."