42 ಕೆಬಿ ಲೇಖನಕ್ಕೆ 42 ಜಿಬಿ ಬ್ಯಾಕಪ್

ಕನ್ನಡದಲ್ಲಿ ಬರೆಯುವವನ ಕೈಗೆ ಮ್ಯಾಕ್ ಸಿಕ್ಕರೆ, ಸ್ವಲ್ಪ ದಿನದಲ್ಲೇ ಅದರೊಳಗೆ ಒಂದು ವಿಂಡೋಸ್ ಬಾಡಿಗೆಗೆ ಬಂದು ಸೇರಿಕೊಳ್ಳುತ್ತದೆ. ಮ್ಯಾಕಿನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಮೂಡುತ್ತದೆ, ಆ ಬಗ್ಗೆ ನನ್ನ ದೂರಿಲ್ಲ. ಆದರೆ ನನ್ನ ಲೇಖನಗಳನ್ನು ಪುಟಕ್ಕೆ ಹೊಂದಿಸುವ ಡಿಟಿಪಿಯವರಿಗೆ ‘ನುಡಿ’ ಎಂಬ ತಂತ್ರಾಂಶದ ಅಕ್ಷರಗಳೇ ಆಗಬೇಕು. ಯೂನಿಕೋಡಿನಲ್ಲಿ ಕಳುಹಿಸಿದರೆ ಅವರ ಹಳೆಯ ಪುಟವಿನ್ಯಾಸದ ತಂತ್ರಾಂಶದಲ್ಲಿ ನನ್ನ ಗದ್ಯವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಕೆಲವು ಓದುಗರಿಗೆ ಅದು ಮೊದಲಿನಿಂದಲೂ ಹಾಗೆಯೇ ಕಾಣುತ್ತಿತ್ತು, ಆ ಮಾತು ಬೇರೆ. ಪರಿವರ್ತಕದಲ್ಲಿ ಹಾಕಿ ಕಳುಹಿಸೋಣವೆಂದರೆ ಅರ್ಕಾವೊತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕದ್ದರ ಬೆನ್ನಿಗೆ ಹೋಗಿ ನಿಲ್ಲುತ್ತದೆ.

ನುಡಿ ವಿಂಡೋಸಿನ ತಂತ್ರಾಂಶ. ಹೀಗಾಗಿ ಬೆಂಗಳೂರಿನಲ್ಲಿರುವ ಅಕ್ಕನ ಮಗ ತಾನು ಬಳಸಿ ಬಿಟ್ಟ 2012ರ ಮ್ಯಾಕ್‌ಬುಕ್ ಪ್ರೊ ಕೊಡುವಾಗ, ಅದರಲ್ಲಿ ಒಂದು ವರ್ಚುಯಲ್ ಮೆಷೀನ್ ಸ್ಥಾಪಿಸಿ, ಅದರೊಳಗೆ ವಿಂಡೋಸ್ ಹಾಕಿ, ವಿಂಡೋಸಿನೊಳಗೆ ನುಡಿಯನ್ನೂ ಹಾಕಿ ಕೊಟ್ಟ. “ಮಾವ, ಇನ್ನು ನಿಮಗೆ ಒಂದರೊಳಗೆ ಎರಡು ಕಂಪ್ಯೂಟರ್” ಎಂದ. ತೊಂದರೆಯೂ ಎರಡರದು ಎಂಬುದನ್ನು ಹೇಳದೆ ಕಾಫಿ ಕುಡಿದು ಹೊರಟುಹೋದ.

ಹೊರಡುವ ಮುನ್ನ ಅವನದೇ ಆದೇಶದಂತೆ ಒಂದು ಟಿಬಿಯ ಹಾರ್ಡ್ ಡಿಸ್ಕ್ ತಂದಿದ್ದೆ. ಅಂಗಡಿಯವನು ತನ್ನ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ ತೋರಿಸಿದಾಗ ಅದು 931 ಜಿಬಿ ಎಂದಿತು. ಉಳಿದ 69 ಎಲ್ಲಿ ಎಂದು ಕೇಳಿದರೆ, “ಎಲ್ಲದರಲ್ಲೂ ಹಾಗೇ ಸಾರ್” ಎಂಬ ಉತ್ತರ ಬಂತು. ಮನೆಗೆ ತಂದು ಮ್ಯಾಕಿಗೆ ಸಿಕ್ಕಿಸಿದರೆ ಪೂರ್ತಿ ಒಂದು ಟಿಬಿ! ತಯಾರಕರೂ ಮ್ಯಾಕೂ ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಷ್ಟೇ. ಅದು ತಿಳಿಯುವವರೆಗೆ ದಾರಿಯಲ್ಲಿ ಬರುವಾಗ ಆಟೋದಲ್ಲಿ 69 ಜಿಬಿ ಹುಟ್ಟಿಕೊಂಡಿತೆಂದೇ ನಾನು ಖುಷಿಯಲ್ಲಿದ್ದೆ.

ಡಿಸ್ಕ್ ತಂದದ್ದು ಟೈಮ್ ಮೆಷೀನಿಗೆ, ಅಂದರೆ ಮ್ಯಾಕಿನ ಬ್ಯಾಕಪ್ ವ್ಯವಸ್ಥೆಗೆ. 2007ರಲ್ಲಿ ಮ್ಯಾಕಿನ ಜೊತೆಗೇ ಬರತೊಡಗಿದ ಈ ವ್ಯವಸ್ಥೆಯ ನಿಯಮ ಸರಳ. ಮೊದಲ ಸಲ ಎಲ್ಲವನ್ನೂ ನಕಲಿಸುತ್ತದೆ. ಆಮೇಲೆ ಗಂಟೆಗೊಮ್ಮೆ ಎದ್ದು, ಬದಲಾದ ಫೈಲುಗಳನ್ನಷ್ಟೇ ನಕಲಿಸಿ ಮಲಗುತ್ತದೆ. ಕಳೆದ 24 ಗಂಟೆಗಳದ್ದು ಗಂಟೆಗೊಂದು, ಕಳೆದ ಒಂದು ತಿಂಗಳದ್ದು ದಿನಕ್ಕೊಂದು, ಅದಕ್ಕೂ ಹಿಂದಿನದು ವಾರಕ್ಕೊಂದು ಪ್ರತಿ ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದರೆ ಅತ್ಯಂತ ಹಳೆಯದನ್ನು ಅಳಿಸಿ ಮುಂದುವರಿಯುತ್ತದೆ. ನಾನು ದಿನಕ್ಕೆ ಬರೆಯುವುದು ಎರಡು ಪುಟ. ಈ ವೇಗದಲ್ಲಿ ಒಂದು ಟಿಬಿ ತುಂಬಲು ನನ್ನ ಮೊಮ್ಮಕ್ಕಳೂ ಬರೆಯಬೇಕಾಗುತ್ತದೆ ಎಂಬುದು ನನ್ನ ಅಂದಾಜಾಗಿತ್ತು.

ಕೆಲವೇ ವಾರಗಳಲ್ಲಿ ತೆರೆಯ ಮೂಲೆಯಲ್ಲಿ ಸೂಚನೆ ಬಂತು: ಡಿಸ್ಕ್ ತುಂಬಿದೆ, ಹಳೆಯ ಬ್ಯಾಕಪ್‌ಗಳನ್ನು ಅಳಿಸಲಾಗಿದೆ. ಮೇಲಿನ ಪಟ್ಟಿಯ ಗಡಿಯಾರದ ಚಿತ್ರವನ್ನು ಒತ್ತಿ ನೋಡಿದರೆ ‘42 ಜಿಬಿಯಲ್ಲಿ 3 ಜಿಬಿ ನಕಲಿಸಲಾಗಿದೆ’ ಎಂದು ತೋರಿಸುತ್ತಿತ್ತು. ಬೆಳಗಿನಿಂದ ನಾನು ಬರೆದಿದ್ದದ್ದು ಒಂದೇ ಲೇಖನ, 42 ಕೆಬಿ. ಹತ್ತು ಲಕ್ಷ ಪಟ್ಟು! ಇಷ್ಟೊಂದು ಗೌರವ ನನ್ನ ಬರಹಕ್ಕೆ ಯಾವ ಸಂಪಾದಕರೂ ಕೊಟ್ಟಿರಲಿಲ್ಲ. ಆ ಬ್ಯಾಕಪ್ ಕುಂಟುತ್ತ ಮುಗಿಯುವಷ್ಟರಲ್ಲಿ ಮುಂದಿನ ಗಂಟೆಯದು ಶುರುವಾಯಿತು. ಅದೂ 42.

ಮನೆಯಲ್ಲಿ ಏನೇ ತುಂಬಿ ಹರಿದರೂ, ಅದು ನೀರಿನ ತೊಟ್ಟಿಯಾಗಲಿ ಹಾರ್ಡ್ ಡಿಸ್ಕಾಗಲಿ, ಮೊದಲು ನಡೆಯುವುದು ವಿಚಾರಣೆ. ಮೊದಲ ಆರೋಪಿ ಮಗಳು. ತನ್ನ ಐಫೋನನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರ ಬ್ಯಾಕಪ್ಪನ್ನೆಲ್ಲ ಇದರಲ್ಲಿ ಇಟ್ಟಿದ್ದಳು. ಬ್ಯಾಕಪ್ಪಿಗೇ ಬ್ಯಾಕಪ್! ಸಿಕ್ಕಿಬಿದ್ದಳು ಎಂದುಕೊಂಡೆ. “ಅಪ್ಪ, ನಾನು ಫೋನ್ ಸಿಕ್ಕಿಸಿ ತಿಂಗಳಾಯಿತು. ಬದಲಾಗದ್ದನ್ನು ಅದು ಮತ್ತೆ ನಕಲಿಸುವುದಿಲ್ಲ ಎಂದು ನೀವೇ ಅಲ್ಲವೇ ನಮಗೆ ಪಾಠ ಮಾಡಿದ್ದು?” ಎಂದು ಕೇಳಿ ಖುಲಾಸೆ ಪಡೆದಳು.

ಎರಡನೆಯ ಆರೋಪಿಯ ಮೇಲೆ ಪುರಾವೆ ಗಟ್ಟಿಯಾಗಿತ್ತು. ನನ್ನ ಹೆಂಡತಿಗೆ ಮನೆಯ ಯಾವ ವಸ್ತುವೂ ಇದ್ದಲ್ಲೇ ಇರುವುದು ಸಹಿಸದು. ಅಡುಗೆಮನೆಯ ಡಬ್ಬಿಗಳಿಗೆ ಹೊಸ ಚೀಟಿ ಅಂಟಿಸಿ ಮುಗಿದ ಮೇಲೆ ಫೋಟೋ ಫೋಲ್ಡರುಗಳಿಗೆ ಕೈಹಾಕಿದ್ದಳು. ‘ಮದುವೆ’ ಎಂದಿದ್ದದ್ದು ‘ಮದುವೆ - ನಮ್ಮ ಕಡೆಯವರು’ ಮತ್ತು ‘ಮದುವೆ - ಅವರ ಕಡೆಯವರು’ ಎಂದು ಎರಡಾಗಿತ್ತು. ಹಳೆಯ ಬಗೆಯ ಟೈಮ್ ಮೆಷೀನ್ ಡಿಸ್ಕಿನಲ್ಲಿ ಫೋಲ್ಡರಿನ ಹೆಸರು ಬದಲಿಸಿದರೂ, ಅದನ್ನು ಬೇರೆ ಕಡೆಗೆ ಸಾಗಿಸಿದರೂ, ಒಳಗಿನದೆಲ್ಲ ಹೊಸದೆಂದು ತಿಳಿದು ಪೂರ್ತಿ ನಕಲಾಗುತ್ತದೆ. ಇದನ್ನು ನಾನು ವಿಜಯೋತ್ಸಾಹದಿಂದ ವಿವರಿಸಿದೆ.

“ರೀ, ನಾನು ಹೆಸರು ಬದಲಿಸಿದ್ದು ಒಂದು ಭಾನುವಾರ” ಎಂದಳು ಆಕೆ, ಸೊಪ್ಪು ಬಿಡಿಸುತ್ತಲೇ. “ಅದು ಗಂಟೆಗೊಂದು ಸಲ ನಕಲಿಸುತ್ತಿದೆಯಲ್ಲ, ಗಂಟೆಗೊಂದು ಸಲ ನಾನು ಮದುವೆಯ ಹೆಸರು ಬದಲಿಸುತ್ತಿದ್ದೇನೆಯೇ?”

ವಕೀಲಿ ಓದಿದ್ದರೆ ಮೈಸೂರಿನ ನ್ಯಾಯಾಲಯದಲ್ಲಿ ದೊಡ್ಡ ಹೆಸರು ಮಾಡುತ್ತಿದ್ದಳು.

ಈ ನಡುವೆ ಪರಿಹಾರ ಸೂಚಿಸಲು ಬಂದವರಿಗೇನೂ ಕಡಿಮೆಯಿರಲಿಲ್ಲ. ಅಂಗಡಿಯವನು ಎರಡು ಟಿಬಿಯದು ಕೊಳ್ಳಿರಿ ಎಂದ. ಅವನ ಮಟ್ಟಿಗೆ ಅದು ಅತ್ಯುತ್ತಮ ಪರಿಹಾರ. ವಾಕಿಂಗ್ ಗೆಳೆಯರೊಬ್ಬರು ವೈರಸ್ ಎಂದರು. ಅವರು ಮಂಡಿನೋವಿಗೂ ಅದನ್ನೇ ಹೇಳಿದ್ದರು. ಕೊನೆಗೆ ಅಕ್ಕನ ಮಗನಿಗೇ ಫೋನು ಮಾಡಿದೆ.

“ಮಾವ, ಊಹೆ ಬೇಡ. ಯಾವ ಫೈಲ್ ಎಂದು ಅದನ್ನೇ ಕೇಳೋಣ. ಟರ್ಮಿನಲ್ ತೆರೆಯಿರಿ” ಎಂದ. ಕಪ್ಪು ಅಕ್ಷರಗಳ ಖಾಲಿ ಕಿಟಕಿಯೊಂದು ತೆರೆದುಕೊಂಡಿತು. “ನಾನು ಹೇಳಿದಂತೆ ಟೈಪ್ ಮಾಡಿ. ಟಿ.”

“ಡಿ?”

“ಟಿ. ತುಮಕೂರು. ಆಮೇಲೆ ಎಂ, ಮೈಸೂರು.”

“ಅದು ಗೊತ್ತು, ಎನ್ ಅಲ್ಲ ತಾನೇ?”

“ನಿಮ್ಮ ಊರೇ ಮಾವ. ಯು, ಉಡುಪಿ. ಮತ್ತೆ ತುಮಕೂರು. ಆಮೇಲೆ ಐ.” ಇಲ್ಲಿ ಅವನು ತಡವರಿಸಿದ. ಸಾಫ್ಟ್‌ವೇರ್ ಓದಿದ ಹುಡುಗನಿಗೆ ಐ ಅಕ್ಷರದ ಊರು ಹೊಳೆಯಲಿಲ್ಲ. ನನ್ನ ಹೆಂಡತಿ ಒಳಗಿನಿಂದಲೇ “ಇಳಕಲ್!” ಎಂದು ಕೂಗಿದಳು. ಸೀರೆಯ ಊರನ್ನು ಆಕೆ ಮರೆಯುವುದುಂಟೇ? “ಹಾಂ, ಇಳಕಲ್. ಕೊನೆಗೆ ಎಲ್, ಲಕ್ಷ್ಮೇಶ್ವರ. ಒಂದು ಜಾಗ ಬಿಟ್ಟು ಕಂಪೇರ್ ಎಂದು ಬರೆದು ಎಂಟರ್ ಒತ್ತಿ.” ಹೀಗೆ ತುಮಕೂರಿನಿಂದ ಹೊರಟು, ಮೈಸೂರಿಗೆ ಬಂದು, ಉಡುಪಿಗೆ ಇಳಿದು, ಮತ್ತೆ ತುಮಕೂರಿಗೆ ವಾಪಸಾಗಿ, ಇಳಕಲ್ಲಿಗೆ ಹತ್ತಿ ಲಕ್ಷ್ಮೇಶ್ವರ ತಲುಪಿದೆವು. ಸಾರಿಗೆ ಸಂಸ್ಥೆಯಲ್ಲಿ ಇಂಥ ಮಾರ್ಗದ ಬಸ್ ಇರಲಾರದು.

ಈ ಆದೇಶ ಮಾಡುವುದು ಇಷ್ಟೇ. ಈಗ ಕಂಪ್ಯೂಟರಿನಲ್ಲಿ ಇರುವುದನ್ನು ಕೊನೆಯ ಬ್ಯಾಕಪ್ಪಿನೊಡನೆ ಹೋಲಿಸಿ, ಹೊಸದಕ್ಕೆ ಕೂಡುವ ಚಿಹ್ನೆ, ಅಳಿಸಿದ್ದಕ್ಕೆ ಕಳೆಯುವ ಚಿಹ್ನೆ, ಬದಲಾದದ್ದಕ್ಕೆ ಆಶ್ಚರ್ಯಸೂಚಕ ಹಾಕಿ, ಪಕ್ಕದಲ್ಲಿ ಗಾತ್ರ ಬರೆದು ಪಟ್ಟಿ ಕೊಡುತ್ತದೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಸಾಲುಗಳು ಒಂದೊಂದಾಗಿ ಉದುರತೊಡಗಿದವು. ಕೆಲವು ಕೆಬಿಯ ಚಿಲ್ಲರೆ, ಎಲ್ಲೋ ಒಂದೆರಡು ಎಂಬಿ. ನನ್ನ ಲೇಖನವೂ ದೀನವಾಗಿ ಒಂದು ಸಾಲಿನಲ್ಲಿ ಹೋಯಿತು. ಆಮೇಲೆ ಬಂತು ಅದು, ಮುಂದೆ ಒಂದು ಆಶ್ಚರ್ಯಸೂಚಕ, ಪಕ್ಕದಲ್ಲಿ 41 ಚಿಲ್ಲರೆ ಜಿಬಿ. ವಿಂಡೋಸ್!

ಬಾಡಿಗೆದಾರನ ವ್ಯವಹಾರ ಆಗ ತಿಳಿಯಿತು. ವಿಂಡೋಸಿಗೆ ತಾನೊಂದು ಸ್ವತಂತ್ರ ಕಂಪ್ಯೂಟರಿನಲ್ಲಿ ಇದ್ದೇನೆಂಬ ಭ್ರಮೆ. ಅದಕ್ಕೆ ಅದರದೇ ಸಿ ಡ್ರೈವ್, ಅದರದೇ ಕಸದ ಬುಟ್ಟಿ. ಮ್ಯಾಕಿಗಾದರೋ ಆ ಇಡೀ ಸಂಸಾರ ಒಂದೇ ಒಂದು ದೊಡ್ಡ ಫೈಲು. ನಾನು ಒಳಗೆ ಹೋಗಿ ನುಡಿಯಲ್ಲಿ ಒಂದು ಅಲ್ಪವಿರಾಮ ಹಾಕಿದರೂ ಆ ಫೈಲು ಬದಲಾದಂತೆಯೇ. ಹಾಕದಿದ್ದರೂ ಬದಲಾಗುತ್ತದೆ, ಏಕೆಂದರೆ ವಿಂಡೋಸ್ ಸುಮ್ಮನೆ ಕೂರುವ ಜಾತಿಯದಲ್ಲ. ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಹುಡುಕುತ್ತದೆ, ವೈರಸ್ ತಡಕುತ್ತದೆ, ಏನೇನೋ ಬರೆದುಕೊಳ್ಳುತ್ತದೆ. ಟೈಮ್ ಮೆಷೀನಿಗೆ ಫೈಲು ಬದಲಾಗಿದೆ ಎಂಬುದು ಗೊತ್ತು, ಒಳಗೆ ಎಷ್ಟು ಎಂಬುದು ಗೊತ್ತಿಲ್ಲ. ಬೀಗ ಅಲುಗಿದೆ ಎಂದು ಕಂಡರೆ ಸಾಕು, ಬಾಡಿಗೆದಾರನ ಪಾತ್ರೆ ಪಗಡವನ್ನೆಲ್ಲ ಮತ್ತೊಮ್ಮೆ ಪೂರ್ತಿ ಎತ್ತಿಡುತ್ತದೆ. ಇಪ್ಪತ್ನಾಲ್ಕು ಗಂಟೆಗೆ 42ರಂತೆ 1008 ಜಿಬಿ. ಲ್ಯಾಪ್‌ಟಾಪ್ ಹಗಲು ರಾತ್ರಿ ತೆರೆದಿದ್ದರೆ ಒಂದೇ ದಿನಕ್ಕೆ ಡಿಸ್ಕ್ ಭರ್ತಿ, ಆಟೋದಲ್ಲಿ ಹುಟ್ಟಿದ 69 ಸಹಿತ. ಈ ಸಂಭ್ರಮಕ್ಕೆ ಜಾಗ ಮಾಡಿಕೊಡಲು ಅದು ದಸರಾ ವಿಶೇಷಾಂಕಕ್ಕೆ ಬರೆದ ಲೇಖನದ ಹಳೆಯ ಪ್ರತಿಗಳನ್ನು ಅಳಿಸಿ, ವಿಂಡೋಸಿನ ಹಸಿರು ಗುಡ್ಡದ ಚಿತ್ರವನ್ನು ಮತ್ತೆ ಮತ್ತೆ ಜೋಪಾನ ಮಾಡಿತ್ತು.

“2020ರಲ್ಲಿ ಬಂದ ಮ್ಯಾಕಿನ ಆವೃತ್ತಿ ಬಿಗ್ ಸರ್‌ನಿಂದ ಈಚೆಗೆ ಡಿಸ್ಕ್ ಹೊಸ ಬಗೆಯದಾಗಿದ್ದರೆ ಬದಲಾದ ಭಾಗವನ್ನಷ್ಟೇ ನಕಲಿಸುತ್ತದೆ ಮಾವ” ಎಂದು ಅಕ್ಕನ ಮಗ ಸಮಾಧಾನ ಹೇಳಿದ. ಸಮಾಧಾನ ಯಾರಿಗೆ? ಅವನು ದಯಪಾಲಿಸಿದ 2012ರ ಯಂತ್ರ 2019ರ ಕ್ಯಾಟಲೀನಾದಲ್ಲೇ ನಿವೃತ್ತಿಯಾಗಿದೆ. ಮುಂದಿನದನ್ನು ಅದಕ್ಕೆ ಹಾಕಲು ಆಪಲ್ ಒಪ್ಪುವುದಿಲ್ಲ.

ಪರಿಹಾರ ಸಪ್ಪೆಯಾಗಿತ್ತು. ಟೈಮ್ ಮೆಷೀನಿನ ಆಯ್ಕೆಗಳಲ್ಲಿ ಬ್ಯಾಕಪ್ಪಿನಿಂದ ಹೊರಗಿಡಬೇಕಾದವುಗಳ ಪಟ್ಟಿಯೊಂದಿದೆ. ಅದರ ಕೆಳಗಿನ ಕೂಡುವ ಚಿಹ್ನೆ ಒತ್ತಿ ವರ್ಚುಯಲ್ ಮೆಷೀನಿನ ಫೋಲ್ಡರನ್ನು ಸೇರಿಸಿದೆವು. ನುಡಿಯಲ್ಲಿ ಬರೆದದ್ದನ್ನು ವಿಂಡೋಸಿನೊಳಗೆ ಇಡದೆ, ಎರಡೂ ಕಡೆಗೆ ಕಾಣುವ ಹಂಚಿಕೆಯ ಫೋಲ್ಡರಿನಲ್ಲಿ ಉಳಿಸುವ ಏರ್ಪಾಡಾಯಿತು. ಲೇಖನಗಳು ಮ್ಯಾಕಿನ ಲೆಕ್ಕಕ್ಕೆ ಬಂದವು, ಬಾಡಿಗೆದಾರ ಲೆಕ್ಕದಿಂದ ಹೊರಗೆ. ತಿಂಗಳಿಗೊಮ್ಮೆ ವಿಂಡೋಸನ್ನು ಮುಚ್ಚಿ ಆ ದೊಡ್ಡ ಫೈಲನ್ನು ಕೈಯಾರೆ ಬೇರೆಡೆ ನಕಲಿಸಿದರೆ ಸಾಕು. ಮುಂದಿನ ಬ್ಯಾಕಪ್ ಕೆಲವೇ ಎಂಬಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹಳೆಯ ಪ್ರತಿಗಳಿಂದ ಆ ಫೈಲನ್ನು ಕಿತ್ತುಹಾಕುವ ಕೆಲಸ ಮಾತ್ರ ಇನ್ನೂ ನಡೆಯುತ್ತಿದೆ. ಹಾರ್ಡ್ ಡಿಸ್ಕಿಗೆ ತುಂಬಿಕೊಳ್ಳುವಾಗ ಇದ್ದ ಉತ್ಸಾಹ ಖಾಲಿ ಮಾಡುವಾಗ ಇಲ್ಲ.

ಹೊರಗಿಡುವ ಪಟ್ಟಿ ತೆರೆಯ ಮೇಲೆ ಇನ್ನೂ ತೆರೆದೇ ಇತ್ತು. ನನ್ನ ಹೆಂಡತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

“ಇದಕ್ಕೆ ಬೇಕಾದ್ದನ್ನು ಸೇರಿಸಬಹುದೇ?”

“ಸೇರಿಸಬಹುದು.”

“ಹಾಗಾದರೆ ನಿಮ್ಮ ಕಾದಂಬರಿಯ ಫೋಲ್ಡರನ್ನೂ ಹಾಕಿ. ಡಿಸ್ಕಿಗೆ ಸ್ವಲ್ಪ ಹಗುರವಾಗಲಿ.”

ಕಾದಂಬರಿಯ ಮೊದಲ ಅಧ್ಯಾಯ ಮಗಳು ಪ್ರೌಢಶಾಲೆಯಲ್ಲಿದ್ದಾಗ ಮುಗಿದದ್ದು. ಎರಡನೆಯದು ಇನ್ನೂ ಶುರುವಾಗಿಲ್ಲ. ನಾನು ಗಂಭೀರವಾಗಿ ತಾಂತ್ರಿಕ ವಿವರಣೆ ಕೊಟ್ಟೆ. ಬದಲಾಗದ ಫೈಲನ್ನು ಟೈಮ್ ಮೆಷೀನ್ ಮತ್ತೆ ಮುಟ್ಟುವುದೇ ಇಲ್ಲ, ಆದ್ದರಿಂದ ಅದರಿಂದ ಡಿಸ್ಕಿಗೆ ಯಾವ ಭಾರವೂ ಇಲ್ಲ.

“ಹಾಗಾದರೆ ಇರಲಿ ಬಿಡಿ” ಎಂದು ಒಳಗೆ ಹೋದಳು.