ಬಿಸಿಲೂರಿನಲ್ಲಿ ಬುದ್ಧಿವಂತ ಕಾರು

ಎಲೆಕ್ಟ್ರಿಕ್ ಕಾರು ಕೊಂಡವನನ್ನು ಕಲಬುರಗಿಯಲ್ಲಿ ಯಾರೂ 'ಕಾರು ಹೇಗಿದೆ?' ಎಂದು ಕೇಳುವುದಿಲ್ಲ. 'ಒಂದು ಚಾರ್ಜಿಗೆ ಎಷ್ಟು ಓಡುತ್ತದೆ?' ಎಂದೇ ಮಾತು ಶುರು. ಇದಕ್ಕೆ ಉತ್ತರ ಹೇಳಬೇಕಾದದ್ದು ನಾನಲ್ಲ, ಕಾರು. ಅದರ ಉತ್ತರವೋ ಊರೊಳಗೆ ಒಂದು, ಹುಮನಾಬಾದ್ ರಸ್ತೆಯಲ್ಲಿ ಇನ್ನೊಂದು.

ಇದನ್ನು ಪತ್ತೆಹಚ್ಚಿದವರು ನಮ್ಮ ಕಾಕಾ. ಜೀವಮಾನವಿಡೀ ಟ್ರ್ಯಾಕ್ಟರಿನ ಟ್ಯಾಂಕಿಗೆ ಕಡ್ಡಿ ಇಳಿಸಿ ಡೀಸೆಲ್ ನೋಡಿದವರು. ವೀರಭದ್ರೇಶ್ವರನ ದರ್ಶನಕ್ಕೆಂದು ಹುಮನಾಬಾದಿಗೆ ಹೊರಟ ದಿನ ಮುಂದಿನ ಸೀಟಿನಲ್ಲಿ ಕುಳಿತು, ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನೂ ಪರದೆಯ ಮೇಲೆ 'ಇನ್ನೆಷ್ಟು ಓಡೀತು' ಎಂದು ತೋರಿಸುವ ಅಂಕಿಯನ್ನೂ ತಾಳೆ ನೋಡುತ್ತ ಬಂದರು. ಕಲ್ಲುಗಳ ಪ್ರಕಾರ ನಾವು ಬಂದದ್ದು ಹತ್ತು ಕಿಲೋಮೀಟರ್. ಕಾರು ತನ್ನ ಖಾತೆಯಿಂದ ಹದಿನಾರು ಕಳೆದಿತ್ತು.

"ಉಳಿದ ಆರು ಎಲ್ಲಿಗೆ ಹೋಯಿತು?" ಎಂದರು, ಸಹಕಾರ ಸಂಘದ ಕಾರ್ಯದರ್ಶಿಯನ್ನು ವಾರ್ಷಿಕ ಸಭೆಯಲ್ಲಿ ನಿಲ್ಲಿಸಿ ಕೇಳುವ ದನಿಯಲ್ಲಿ.

ನಾನು ತಿಳಿದಷ್ಟು ಹೇಳಿದೆ. ಬ್ಯಾಟರಿಗೆ ಕಡ್ಡಿ ಇಳಿಸಿ ನೋಡಲು ಬರುವುದಿಲ್ಲ. ಒಳಗೆ ಹೋದ ಕರೆಂಟೆಷ್ಟು, ಹೊರಗೆ ಬಂದದ್ದೆಷ್ಟು, ವೋಲ್ಟೇಜ್ ಎಷ್ಟು, ಕಾವು ಎಷ್ಟು ಎಂದು ಕೂಡಿಸಿ ಕಳೆದು ಸಾಫ್ಟ್‌ವೇರ್ ಒಂದು ಲೆಕ್ಕಕ್ಕೆ ಬರುತ್ತದೆ. ಎಲ್‌ಎಫ್‌ಪಿ ಎಂಬ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಇನ್ನೂ ಕಷ್ಟ. ಮುಕ್ಕಾಲು ಭಾಗ ಇದ್ದಾಗಲೂ ಕಾಲು ಭಾಗ ಇದ್ದಾಗಲೂ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಕಡೆ ನಿಂತಿರುತ್ತದೆ. ಅದಕ್ಕೇ ಅಂಥ ಕಾರನ್ನು ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಿ, ಅದರ ಲೆಕ್ಕ ಸರಿಯಾಗಲಿ ಎನ್ನುವುದು. ಇನ್ನೆಷ್ಟು ದೂರ ಓಡೀತು ಎಂಬುದನ್ನು ಇಲ್ಲಿಯವರೆಗೆ ಓಡಿಸಿದ ರೀತಿ ನೋಡಿ ಊಹಿಸುತ್ತದೆ. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ತೆವಳುವಾಗ ಖರ್ಚು ಕಡಿಮೆ, ಆದ್ದರಿಂದ ಅಲ್ಲಿ ದೊಡ್ಡ ಅಂಕಿ ತೋರಿಸಿ ಆಸೆ ಹುಟ್ಟಿಸುತ್ತದೆ. ಹೆದ್ದಾರಿಯಲ್ಲಿ ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆಗ ಅಂಕಿ ಸರಸರನೆ ಇಳಿಯುತ್ತದೆ.

ಕಾಕಾ ಎಲ್ಲವನ್ನೂ ಸಾವಧಾನವಾಗಿ ಕೇಳಿದರು. "ಅಂದರೆ ಇದು ಅಂದಾಜು."

"ಹೌದು ಕಾಕಾ."

"ಅಂದಾಜಿಗೆ ಇಷ್ಟೊಂದು ರೊಕ್ಕ ಕೊಟ್ಟಿದ್ದೀಯಾ? ನನ್ನನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದೆ" ಎಂದವರೇ ರೇಡಿಯೊ ಆರಿಸಿದರು. ರೇಡಿಯೊ ತಿನ್ನುವ ಕರೆಂಟು ಲೆಕ್ಕಕ್ಕೇ ಇಲ್ಲ ಎಂದೆ. ಉತ್ತರವಾಗಿ ನನ್ನ ಮೊಬೈಲನ್ನೂ ಚಾರ್ಜರಿನಿಂದ ಕಿತ್ತಿಟ್ಟರು.

ಬರುವಾಗ ಕಾಕಾನ ಬೀಗರ ಊರಿಗೆಂದು ಒಳರಸ್ತೆ ಹಿಡಿದೆವು. ತೊಗರಿ ರಾಶಿಯ ಕಾಲ. ರಸ್ತೆಯ ಅರ್ಧಕ್ಕೆ ತೊಗರಿ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಹೋಗಿ ಬರುವ ಗಾಡಿಗಳೆಲ್ಲ ತುಳಿದು ಕಾಳು ಬಿಡಿಸಿಕೊಡಬೇಕು, ಇದು ಅಲಿಖಿತ ಒಪ್ಪಂದ. ಕಾರಿನ ಕ್ಯಾಮೆರಾ ಮಾತ್ರ ಬಿಳಿ ಪಟ್ಟಿ ಹುಡುಕುತ್ತಲೇ ಇತ್ತು. ಲಕ್ಷಾಂತರ ಚಿತ್ರಗಳನ್ನು ನೋಡಿ ರಸ್ತೆ ಎಂದರೇನೆಂದು ಕಲಿತ ಯಂತ್ರವಂತೆ. ಆ ಚಿತ್ರಗಳಲ್ಲಿ ಒಂದರಲ್ಲೂ ತೊಗರಿ ಇದ್ದಂತೆ ಕಾಣಲಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಸುದ್ದಿ ಕಾರಿಗೆ ಇನ್ನೂ ಮುಟ್ಟಿಲ್ಲ. ಮುಂದೆ ಹೋಗುತ್ತಿದ್ದ ಎತ್ತಿನ ಬಂಡಿಯನ್ನು ಪರದೆಯ ಮೇಲೆ ಒಮ್ಮೆ ಲಾರಿ ಎಂದು ಬರೆಯಿತು, ಮರುಕ್ಷಣ ಅಳಿಸಿತು, ಮತ್ತೆ ಲಾರಿ ಮಾಡಿತು. ಎತ್ತುಗಳಿಗೆ ಇದಾವುದರ ಪರಿವೆಯೂ ಇರಲಿಲ್ಲ.

ತಿರುವಿನಲ್ಲಿ ಕುರಿಹಿಂಡು. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ಕಿರುಚಿ ತಾನೇ ಬ್ರೇಕ್ ಹಾಕಿ ನಿಂತಿತು. ಕಾಕಾನ ಎಲೆಯಡಿಕೆ ಡಬ್ಬಿ ಹಾರಿ ಗಾಜಿಗೆ ಬಡಿಯಿತು. ಪರದೆಯ ಮೇಲೆ ನೋಡಿದರೆ ಕಂಬಳಿ ಹೊದ್ದ ಕುರಿಗಾರನೊಬ್ಬನೇ ಮನುಷ್ಯಾಕೃತಿಯಾಗಿ ನಿಂತಿದ್ದ. ಸುತ್ತ ಕುರಿಗಳ ಸುಳಿವೇ ಇಲ್ಲ. ಹೀಗೆ ನಿಲ್ಲಿಸುವ ವ್ಯವಸ್ಥೆಗಳಿಗೆ ಮುಖ್ಯವಾಗಿ ವಾಹನ, ಪಾದಚಾರಿ, ಸೈಕಲ್ ಸವಾರರನ್ನು ಗುರುತಿಸಲು ಕಲಿಸಿರುತ್ತಾರೆ. ಅವನು ಮುಂದೆ ನಡೆಯದೆ ಹಿಂಡಿನ ಹಿಂದೆ ಇದ್ದಿದ್ದರೆ ಏನಾಗುತ್ತಿತ್ತೋ. ಅವನಂತೂ ಕಿಟಕಿಯ ಹತ್ತಿರ ಬಂದು, "ನಿಮ್ಮಂಥ ಸಂಭಾವಿತರು ಅಪರೂಪ, ಸಾಹೇಬರೆ. ಎಲ್ಲರೂ ಹಾರ್ನ್ ಹೊಡೆಯುತ್ತಾರೆ" ಎಂದು ಕೈಮುಗಿದ. ನಾನೂ ಮುಗಿದೆ. ಹೊಗಳಿಕೆ ಯಾರಿಗೆ ಸಲ್ಲಬೇಕೆಂದು ನಡುರಸ್ತೆಯಲ್ಲಿ ವಿಚಾರಣೆ ನಡೆಸಲಾದೀತೇ?

ಕಾರಿನ ಇನ್ನೊಂದು ಗುಣವೆಂದರೆ ಅದು ಮನೆಯ ಮುಂದೆ ನಿಂತಲ್ಲೇ ಇಂಟರ್ನೆಟ್ಟಿನಿಂದ ಹೊಸ ಸಾಫ್ಟ್‌ವೇರ್ ಇಳಿಸಿಕೊಂಡು ಬದಲಾಗುತ್ತದೆ. 2012ರ ಟೆಸ್ಲಾ ಮಾಡೆಲ್ ಎಸ್‌ನಿಂದ ಈ ಚಾಳಿ ಹಬ್ಬಿತು. ಒಳ್ಳೆಯದೂ ಆಗಿದೆ, ಇಲ್ಲವೆನ್ನಲಾರೆ. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಸಂಸ್ಥೆ ಪರೀಕ್ಷಿಸಿದಾಗ ಟೆಸ್ಲಾದ ಮಾಡೆಲ್ 3 ಕಾರು ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಂಡಿತ್ತು. ಕಂಪನಿ ಗಾಳಿಯಲ್ಲೇ ಹೊಸ ಸಾಫ್ಟ್‌ವೇರ್ ಕಳಿಸಿತು, ಅದೇ ಕಾರು 133 ಅಡಿಗೆ ನಿಂತಿತು. ಯಾರೂ ಒಂದು ಸ್ಪ್ಯಾನರ್ ಹಿಡಿಯಲಿಲ್ಲ. ಇದೇ ಸಾಫ್ಟ್‌ವೇರಿನಿಂದ ಕಾಟವೂ ಉಂಟು: ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ತಿಂಗಳ ಬಾಡಿಗೆ ಇಟ್ಟು, 2022ರಲ್ಲಿ ಜನರಿಂದ ಬೈಸಿಕೊಂಡು, ಮರುವರ್ಷ ಕೈಬಿಟ್ಟಿತು. ಕಲಬುರಗಿಯಲ್ಲಿ ಆ ಸೇವೆ ಮಾರ್ಚಿನಿಂದ ಜೂನ್‌ವರೆಗೆ ಉಚಿತ, ಎಲ್ಲ ಕಂಪನಿಯ ಕಾರುಗಳಿಗೂ.

ಮೇ ತಿಂಗಳಲ್ಲಿ ತಂಗಿಯ ಕುಬುಸ, ಅಂದರೆ ಸೀಮಂತ. ಹೊರಗೆ 43 ಡಿಗ್ರಿ. ಹೋಳಿಗೆಯ ಬುಟ್ಟಿ, ಹಸಿರು ಸೀರೆ, ಬಳೆಯ ಡಬ್ಬಿ ಎಲ್ಲ ಹಿಂದಿನ ಸೀಟಿಗೆ ಹೋದವು. ಆ ಹೊತ್ತಿಗೆ ಪರದೆಯ ಮೇಲೆ 'ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ?' ಎಂಬ ಪ್ರಶ್ನೆ ಮೂಡಿತು. ಅಕ್ಕನ ಮಗನಿಗೆ ಪರದೆಯಲ್ಲಿ ಏನು ಕೇಳಿದರೂ 'ಹೌದು' ಒತ್ತುವ ಅಭ್ಯಾಸ. ಒತ್ತಿದ. ಮುಗಿಯಲು 45 ನಿಮಿಷ, ಅಲ್ಲಿಯವರೆಗೆ ಕಾರು ಚಲಿಸದು, ಎಸಿಯೂ ಇಲ್ಲ.

"ಏನಾಯಿತು ಇದಕ್ಕೆ?" ಎಂದಳು ಅವ್ವ.

"ಹೊಸದೇನೋ ಕಲಿಯುತ್ತಿದೆ, ಅವ್ವಾ."

"ನಾವು ಹೊರಡುವ ಹೊತ್ತಿಗೇ ಕಲಿಯಬೇಕೇ? ರಾತ್ರಿಯೆಲ್ಲ ಏನು ಮಾಡುತ್ತಿತ್ತು?"

ಪ್ರಶ್ನೆ ನ್ಯಾಯವಾಗಿತ್ತು. ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆವು. ಹೋಳಿಗೆಯ ತುಪ್ಪ ಬುಟ್ಟಿಯ ತಳದಿಂದ ಇಳಿಯಲು ಶುರುವಾದಾಗ ಆಟೊ ಕರೆದೆವು. ಚಾಲಕ ನಮ್ಮ ಹೊಸ ಕಾರನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಜೇವರ್ಗಿ ರಸ್ತೆಗೆ ದರ ತುಸು ಏರಿಸಿಯೇ ಹೇಳಿದ.

ಸಂಜೆ ಬಂದು ನೋಡಿದರೆ ಅಪ್‌ಡೇಟ್ ಮುಗಿದಿತ್ತು. ಏನೇನು ಸುಧಾರಿಸಿದೆ ಎಂಬ ಉದ್ದನೆಯ ಪಟ್ಟಿಯೂ ಇತ್ತು; ಕುರಿ, ತೊಗರಿ, ಎತ್ತಿನ ಬಂಡಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೆ ಅವ್ವ ಕಷ್ಟಪಟ್ಟು ಗುರುತಿಟ್ಟುಕೊಂಡಿದ್ದ ಎಸಿಯ ಚಿತ್ರ ಎಡಮೂಲೆಯಿಂದ ಮಾಯವಾಗಿತ್ತು. ಹುಡುಕಿದಾಗ ಎರಡು ಪುಟ ಒಳಗೆ ಸಿಕ್ಕಿತು. ಈಗ ಅವಳು ಕಾರು ಹತ್ತುವ ಮೊದಲು ಬಾಗಿಲಲ್ಲೇ ನಿಂತು ಮೊಮ್ಮಗನನ್ನು ಕೇಳುತ್ತಾಳೆ: "ಎಸಿ ಇವತ್ತು ಎಲ್ಲಿದೆ?"