ಗಾಯ ಮುಚ್ಚಿಟ್ಟರೆ ಭರವಸೆ ಬರುವುದಿಲ್ಲ

ಸ್ತನ ಕ್ಯಾನ್ಸರ್ ಕುರಿತ ಚಿತ್ರ, ಕಥೆಗಳು ಗಾಯ ತೋರಿಸದೆ ಭರವಸೆಯನ್ನಷ್ಟೇ ಕೊಡಬೇಕು ಎಂದು ಲೇಖಕರೊಬ್ಬರು ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ಕಲಾವಿದೆ ಮಟುಷ್ಕಾ ಸ್ತನ ತೆಗೆದ ಜಾಗದ ಗುರುತು ಕಾಣುವಂತೆ ತಾವೇ ತೆಗೆದುಕೊಂಡ ಫೋಟೊ 1993ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನ ಮುಖಪುಟಕ್ಕೇ ಬಂತು. ಸಿಟ್ಟಾದವರಿದ್ದರು, ಕೃತಜ್ಞತೆ ಹೇಳಿದವರೂ ಇದ್ದರು.

ನಮ್ಮ ಸಿನಿಮಾಗಳಲ್ಲಿ ಕ್ಯಾನ್ಸರ್ ಅಂದರೆ ರಕ್ತ ಕಾರುವುದು, ಕೂದಲು ಉದುರುವುದು, ಕೊನೆಗೆ ಸಾವು. ಹಾಗಾಗಿ ಸ್ತನ ಕ್ಯಾನ್ಸರ್ ಬಂದಾಗ ನನ್ನ ಚಿಕ್ಕಮ್ಮ ಕೂದಲಿನ ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ತೋಳು ಬಾತುಕೊಂಡು ಬಳೆ ಏರದಂತಾಗಬಹುದು, ಕೀಮೋ ನಡೆಯುವಾಗ ಅನ್ನವೂ ಬಾಯಿಗೆ ಕಬ್ಬಿಣದಂತೆ ಹತ್ತಬಹುದು ಎಂದು ಯಾವ ಕಥೆಯೂ ಅವರಿಗೆ ಹೇಳಿರಲಿಲ್ಲ. ತೋಳು ಬಾತಾಗ ರೋಗ ಮರಳಿತೆಂದೇ ನಡುಗಿಹೋದರು. ಮುಚ್ಚಿಟ್ಟ ಚಿತ್ರಗಳಿಂದ ಅವರಿಗೆ ಯಾವ ಭರವಸೆ ಸಿಕ್ಕಿತು, ಹೇಳಿ?